ತಲೆ ತಗ್ಗಿಸಿ ರೇಡಿಯೋ ಕೇಳಿದ ಹತ್ತು ದಿನ

ಮಜ್ಜಿಗೆಯಲ್ಲಿ ನೊಣ ಬಿದ್ದಿದೆ ಎಂದು ಹೆಂಡತಿಯ ಮೇಲೆ ರೇಗಿದೆ. ಆಕೆ ಲೋಟ ಬದಲಾಯಿಸಿ ತಂದಳು. ಅದರಲ್ಲೂ ನೊಣ. ಮೂರನೆಯ ಲೋಟವನ್ನು ಠಪ್ಪನೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಜ್ಜಿಗ್ಯಾಗ ಏನೂ ಇಲ್ರಿ. ನಿಮ್ಮ ಕಣ್ಣಾಗ ಅದ ನೊಣ."

ಕಮಲಾ ಸಿಟ್ಟಿನಲ್ಲಿ ಆಡಿದ ಮಾತು. ಅದೇ ನಿಜವಾಯಿತು.

ಗೋಡೆ ನೋಡಿದರೆ ಗೋಡೆಯ ಮೇಲೆ ನೊಣ. ಆಕಾಶ ನೋಡಿದರೆ ಅಲ್ಲೂ. ಸಂಜೆಯ ಹೊತ್ತಿಗೆ ಬಲಗಣ್ಣಿನ ಮೂಲೆಯಲ್ಲಿ ಯಾರೋ ವೆಲ್ಡಿಂಗ್ ಮಾಡುತ್ತಿದ್ದಂತೆ ಕಿಡಿ ಹಾರತೊಡಗಿತು. ಚಷ್ಮಾ ಒರೆಸಿಕೊಂಡೆ. ಮರುದಿನವೂ ಒರೆಸಿಕೊಂಡೆ. ಯಾರಿಗೂ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಬುಧವಾರದವರೆಗೆ ಮಾತ್ರ ಕಂಡಿತು. ಉಳಿದ ವಾರವನ್ನು ಒಂದು ಕಪ್ಪು ಪರದೆ ಮುಚ್ಚಿತ್ತು.

ನನಗಿರುವುದು ಒಂದೇ ಕಣ್ಣು.

ಎಡಗಣ್ಣಿಗೆ ಚಿಕ್ಕಂದಿನಲ್ಲೇ ಜಾಲಿಮುಳ್ಳು ಚುಚ್ಚಿ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಬದುಕನ್ನೆಲ್ಲ ಬಲಗಣ್ಣಿನಲ್ಲೇ ನೋಡಿದವನು ನಾನು. ವಾಡಿಯ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಯಾರು ಎಷ್ಟು ಗಂಟೆಗೆ ಗೇಟಿನೊಳಗೆ ಕಾಲಿಟ್ಟರು ಎಂದು ನೋಡಿ ಬರೆಯುವುದು ನನ್ನ ಕೆಲಸ. ಐದು ನಿಮಿಷ ತಡವಾದರೆ ಹೆಸರಿನ ಮುಂದೆ ಕೆಂಪು ಗುರುತು. ಹೆಂಡತಿಗೆ ಹೆರಿಗೆ ಎಂದು ಓಡಿ ಬಂದವನಿಗೂ ಬಿಟ್ಟವನಲ್ಲ. ಬೆನ್ನ ಹಿಂದೆ ಮಂದಿ ನನ್ನನ್ನು ಗಡಿಯಾರ ಶರಣಪ್ಪ ಅನ್ನುತ್ತಿದ್ದರು. ನನಗದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಮಗ ಸೇಡಂನಲ್ಲಿ ಮಾಸ್ತರ. ಅವನಿಗೆ ಪರೀಕ್ಷೆಯ ಗಡಿಬಿಡಿ. ಸೊಸೆ ರೇಣುಕಾ ಚಿತ್ತಾಪುರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ವಾಡಿಯಿಂದಲೇ ಓಡಾಡುತ್ತಾಳೆ. ಆ ಬೆಳಿಗ್ಗೆ ನಾನು ಬಾಯಿಬಿಟ್ಟ ಗಳಿಗೆಯಲ್ಲೇ ರಜೆ ಹಾಕಿ ನನ್ನನ್ನು ಕಲಬುರ್ಗಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ನಮ್ಮ ಕಡೆಯವರೇ. ಕಣ್ಣಿಗೆ ಡ್ರಾಪ್ಸ್ ಹಾಕಿ, ಲೈಟು ಬಿಟ್ಟು, ತುಂಬಾ ಹೊತ್ತು ನೋಡಿದರು.

"ಕಾಕಾರ, ರೆಟಿನಾ ಕಳಚ್ಯದ. ಇವತ್ತ ನಾಳ್ಯಾಗ ಆಪರೇಷನ್ ಆಗಬೇಕು."

"ಆಗ್ಲಿಲ್ಲಂದ್ರ?"

"ಪರದಾ ಪೂರಾ ಬೀಳ್ತದ."

ನಾನು ರೇಣುಕಾಳ ಕಡೆ ತಿರುಗಿದೆ. ಅವಳ ಮುಖದ ಅರ್ಧ ಮಾತ್ರ ಕಂಡಿತು.

ಆಪರೇಷನ್ ಆಯಿತು. ನೋವೇನೂ ಆಗಲಿಲ್ಲ. ನಿಜವಾದ ಕಷ್ಟ ಆಮೇಲೆ ಬಂತು. ಕಳಚಿದ ರೆಟಿನಾ ಮತ್ತೆ ಅಂಟಿಕೊಳ್ಳಲಿ ಎಂದು ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದಲ್ಲ? ಅದು ಕಣ್ಣಿನ ಹಿಂಭಾಗವನ್ನು ಒತ್ತಿ ಹಿಡಿಯಬೇಕಾದರೆ ನನ್ನ ಮುಖ ನೆಲ ನೋಡುತ್ತಿರಬೇಕು. ಹತ್ತು ದಿನ. ಐವತ್ತು ನಿಮಿಷ ಕೆಳಗೆ, ಹತ್ತು ನಿಮಿಷ ಮೇಲೆ. ಊಟ, ಸ್ನಾನ, ಮಾತು, ಎಲ್ಲಾ ಆ ಹತ್ತು ನಿಮಿಷದಲ್ಲೇ. ಮಲಗುವುದೂ ಬೋರಲಾಗಿಯೇ.

"ಆಪರೇಷನ್ ಅರ್ಧಾ ನಂದು ಕಾಕಾರ. ಉಳಿದರ್ಧಾ ನಿಮ್ದು," ಎಂದರು ಡಾಕ್ಟರಮ್ಮ.

ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಕೂತಾಗಲೂ ನಾನು ಇಷ್ಟು ಭಕ್ತಿಯಿಂದ ತಲೆ ಬಗ್ಗಿಸಿದವನಲ್ಲ.

ಮನೆಯಲ್ಲಿ ಕಮಲಾ ವ್ಯವಸ್ಥೆ ಮಾಡಿದಳು. ಮೇಜಿನ ಅಂಚಿನಲ್ಲಿ, ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುವಂಥ ಬಟ್ಟೆಯ ಸಿಂಬಿ ಸುತ್ತಿ ಇಟ್ಟಳು. ಅದರ ಮೇಲೆ ಹಣೆ ಊರಿ ಕೂರಬೇಕು. ತಲೆಯ ಮೇಲೆ ಸಿಂಬಿ ಇರುವುದು ಲೋಕರೂಢಿ, ನಮ್ಮ ಮನೆಯಲ್ಲಿ ಸಿಂಬಿಯ ಮೇಲೆ ತಲೆ. ಆಪರೇಷನ್ ಆದ ಕಣ್ಣಿಗೆ ಮಂಜು ಬಿಟ್ಟು ಏನೂ ಇಲ್ಲ. ಕತ್ತು ಹಿಡಿದುಕೊಂಡಿತು. ಮೂಗು ಸುಮ್ಮಸುಮ್ಮನೆ ಸೋರಿತು. ಕೆಳಗಿದ್ದ ಶಹಾಬಾದ್ ಕಲ್ಲಿನ ನೆಲದ ತಂಪು ಮುಖಕ್ಕೆ ತಾಕುತ್ತಿತ್ತು, ಅಷ್ಟೇ ಸುಖ. ಮೊದಲ ದಿನ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದೆ.

"ಏ ಕಮಲಾ, ಎಷ್ಟಾತು?"

"ಈಗರೆ ಕೇಳೀರಲ್ರಿ. ಇನ್ನಾ ಭಾಳ ಅದ."

ಮೂವತ್ತೊಂದು ವರ್ಷ ಊರಿಗೆಲ್ಲ ಗಂಟೆ ತೋರಿಸಿದವನಿಗೆ ಐವತ್ತು ನಿಮಿಷ ಅಂದರೆ ಎಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಳು ಬಂತು. ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದು ಕಮಲಾ ಬೈದಳು. ಬೈಯುತ್ತಾ ಆಕೆಯೇ ಅತ್ತಳು.

ಸಂಜೆ ರೇಣುಕಾ ಮೊಬೈಲಿನಲ್ಲಿ ರೇಡಿಯೋ ಹಚ್ಚಿಕೊಟ್ಟಳು. ನಾನು ಮೊದಲಿನಿಂದಲೂ ರೇಡಿಯೋ ಮನುಷ್ಯ, ಬಹಳ ಖುಷಿಯಾಯಿತು. ಆದರೆ ಆ ಆ್ಯಪಿನದು ಬೇರೆಯೇ ವರಸೆ. ನಡುನಡುವೆ ಜಾಹೀರಾತು, ಅದನ್ನು ತೆಗೆಯಲು ಮೂಲೆಯಲ್ಲಿನ ಸಾಸಿವೆಯಷ್ಟು ಗುರುತು ಒತ್ತಬೇಕು, ಒತ್ತಲು ಕಣ್ಣು ಬೇಕು. ಕಣ್ಣೇ ಇಲ್ಲದವನು ಎಲ್ಲಿ ಒತ್ತಲಿ? ಅಂದಾಜಿಗೆ ಒತ್ತಿದರೆ ಯಾವುದೋ ಸೀರೆ ಅಂಗಡಿ ತೆರೆದುಕೊಳ್ಳುತ್ತಿತ್ತು.

"ತಡೀರಿ ಮಾವಾರ, ಇದರ ಹಣೇಬರಹಾನ ಹಿಂಗ," ಎಂದು ರೇಣುಕಾ ತನ್ನ ಹಳೆಯ ಲ್ಯಾಪ್‌ಟಾಪ್ ತಂದಳು. ಅದರಲ್ಲಿ ಬೇರೊಂದು ಪ್ಲೇಯರ್ ಹಾಕಿದಳು. ಸಿನಿಮಾ ನೋಡಲು ಮಾಡಿದ್ದಂತೆ, ಆದರೆ ರೇಡಿಯೋ ಕೇಂದ್ರದ ವಿಳಾಸವನ್ನು ಅಂಟಿಸಿದರೆ ಅದನ್ನೂ ಹಾಡುತ್ತದಂತೆ. ಚಿತ್ರವಿಲ್ಲ, ಜಾಹೀರಾತಿಲ್ಲ. ಒಂದೊಂದು ಕೇಂದ್ರಕ್ಕೂ ಒಂದೊಂದು ಉದ್ದನೆಯ ವಿಳಾಸ. ಅವನ್ನೆಲ್ಲ ಹುಡುಕಿ ಒಂದು ಪಟ್ಟಿ ಮಾಡಿ ಕೂಡಿಸಿದಳು. ನಮ್ಮ ಕಡೆಯ ಕನ್ನಡ ಕೇಂದ್ರ, ಧಾರವಾಡದ ಕಡೆಯದು, ಹಳೆಯ ಹಿಂದಿ ಹಾಡಿನದು, ಹೈದರಾಬಾದಿನ ಉರ್ದು, ತೆಲುಗು, ಜೊತೆಗೆ ಹೆಸರೇ ಕೇಳದ ದೇಶಗಳವು ಐದಾರು. ಲ್ಯಾಪ್‌ಟಾಪನ್ನು ಮೇಜಿನ ಕೆಳಗೆ ಸ್ಟೂಲಿನ ಮೇಲಿಟ್ಟು ನನ್ನ ಬೆರಳು ಹಿಡಿದು ಕೆಳಗಿನ ಉದ್ದ ಗುಂಡಿಯ ಮೇಲಿಟ್ಟಳು.

"ಇದೊಂದ ನೆಪ್ಪಿಡ್ರಿ. ಒತ್ತಿದ್ರ ನಿಲ್ತದ, ಮತ್ತ ಒತ್ತಿದ್ರ ನಡೀತದ. ಕಣ್ಣ ಬೇಕಾಗಿಲ್ಲ."

ಕಣ್ಣು ಬೇಕಾಗಿಲ್ಲ! ಆ ವಾರದಲ್ಲಿ ನಾನು ಕೇಳಿದ ಅತ್ಯಂತ ಸುಖದ ಮಾತು ಅದು.

ಸಮಯಕ್ಕೂ ದಾರಿ ಸಿಕ್ಕಿತು. ನಮ್ಮ ಕೇಂದ್ರದಲ್ಲಿ ಗಂಟೆಗೊಮ್ಮೆ ಸಮಯ ಹೇಳುತ್ತಾರೆ. ಹೇಳಿದ ಕೂಡಲೇ ತಲೆ ಎತ್ತುವುದು. ಎರಡು ಹಾಡು ಮುಗಿದರೆ ಹೆಚ್ಚುಕಡಿಮೆ ಹತ್ತು ನಿಮಿಷ, ಮತ್ತೆ ತಲೆ ಕೆಳಗೆ. ಮಧ್ಯಾಹ್ನ ಹನ್ನೆರಡು ಎಂದಾಗ ಡ್ರಾಪ್ಸ್. ಗೋಡೆ ಗಡಿಯಾರದ ಗೊಡವೆಯೇ ಬೇಡವಾಯಿತು.

ಎರಡನೆಯ ದಿನದಿಂದ ಮನೆಯ ಬಣ್ಣವೇ ಬದಲಾಯಿತು. ಹಗಲೆಲ್ಲ ನಮ್ಮ ಕೇಂದ್ರ. ಸಂಜೆ ರೇಣುಕಾ ಬಂದು ಪಟ್ಟಿ ಬದಲಿಸುತ್ತಾ ಹೋಗುವಳು. ಯಾವುದೋ ಚಳಿದೇಶದಲ್ಲಿ ಒಬ್ಬಾಕೆ ಹವಾಮಾನ ಹೇಳುತ್ತಾ ಕಿಸಕ್ಕನೆ ನಗುತ್ತಿದ್ದಳು. ಮಾತು ಒಂದೂ ತಿಳಿಯದು, ಆದರೂ ಆಕೆ ನಕ್ಕರೆ ನಾನೂ ನಗುತ್ತಿದ್ದೆ, ನನ್ನನ್ನು ನೋಡಿ ಇವರಿಬ್ಬರೂ. ತೆಲುಗು ಕೇಂದ್ರ ಬಂದಾಗ ಅಡುಗೆಮನೆಯಿಂದ ಒಂದು ದನಿ ಸಣ್ಣಗೆ ಜೊತೆಗೂಡಿತು. ಯಾರದು ಎಂದು ಕಿವಿಗೊಟ್ಟರೆ ಕಮಲಾ!

ಕಮಲಾಳ ತವರು ಸೇಡಂ ತಾಲೂಕಿನ ಕುರಕುಂಟಾ. ಅಲ್ಲಿ ತೆಲುಗು ಮನೆಮಾತಿನಷ್ಟೇ ಸಲೀಸು. ಇದು ಗೊತ್ತಿತ್ತು. ಹಾಡುತ್ತಾಳೆ ಎಂದು ಗೊತ್ತಿರಲಿಲ್ಲ. ಮದುವೆಯಾಗಿ ಮೂವತ್ತೇಳು ವರ್ಷ!

"ಇಷ್ಟ ದಿವಸ ಯಾಕ ಹಾಡಿಲ್ಲ?"

"ನೀವು ಮನ್ಯಾಗ ಇದ್ರಿ ಅಂದ್ರ ಸುದ್ದಿ. ಇಲ್ಲಾಂದ್ರ ನಿಮ್ಮ ಜೋರು. ನಡಕ ನಾ ಯಾವಾಗ ಹಾಡ್ಲಿ?"

ತಲೆ ಹೇಗೂ ಕೆಳಗೇ ಇತ್ತು. ಮತ್ತಷ್ಟು ತಗ್ಗಿಸಿದೆ.

ಇನ್ನು ಮಂದಿ. ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಹೋಗದಿದ್ದರೆ ಅದು ಸಣ್ಣ ತಪ್ಪಲ್ಲ, ಹತ್ತು ವರ್ಷ ನೆನಪಿಡುವ ತಪ್ಪು. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದರು. ಮೊದಲು ಬಂದವನು ಭಂಕೂರಿನ ಮಲ್ಲಣ್ಣ. ನನ್ನಿಂದ ಅತಿ ಹೆಚ್ಚು ಕೆಂಪು ಗುರುತು ತಿಂದವನು ಅವನೇ, ನನ್ನ ಖಾಸಾ ಗೆಳೆಯನೂ ಅವನೇ.

"ಶರಣಪ್ಪ, ನಿನ್ನ ತೆಲಿ ತಗ್ಗಸಾಕ ಕಡೀಗಿ ಒಬ್ಬಾಕಿ ಡಾಕ್ಟರ್ ಬೇಕಾದ್ಳು ನೋಡೋ!"

ನಕ್ಕು ನಕ್ಕು ತಲೆ ಎತ್ತಿದೆ. ಮನೆಗೆ ಬಂದವರ ಜೊತೆ ನೆಲ ನೋಡುತ್ತಾ ಮಾತಾಡಿದರೆ ಅವರೇನು ತಿಳಿದುಕೊಳ್ಳುವುದಿಲ್ಲ? ಎತ್ತುವ ಮುಂಚೆ ಮರೆಯದೆ ಆ ಉದ್ದ ಗುಂಡಿ ಒತ್ತಿದೆ. ಅತಿಥಿಗಳ ಎದುರು ರೇಡಿಯೋ ಒದರುವುದು ಸರಿಯಲ್ಲ. ಮಲ್ಲಣ್ಣ ಹೋದ ಮೇಲೆ ಮತ್ತೆ ಒತ್ತಿದೆ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು! ಅರ್ಧಕ್ಕೆ ನಿಂತಿದ್ದ ಮಾತು ಪೂರ್ತಿಯಾಯಿತು. ನಮ್ಮ ಕಾಲದ ರೇಡಿಯೋ ಯಾರಿಗೂ ಕಾಯುತ್ತಿರಲಿಲ್ಲ. ಇದು ನನಗಾಗಿ ಕಾಯ್ದುಕೊಂಡು ಕೂತಿತ್ತು. ಬಂದವರಿಗೆಲ್ಲ ಕೊಚ್ಚಿಕೊಂಡೆ, ನಾನಿಲ್ಲದೆ ಸುದ್ದಿ ಮುಂದಕ್ಕೆ ಹೋಗುವುದಿಲ್ಲ ಎಂದು. ಸಂಜೆ ರೇಣುಕಾ ತಲೆ ಎತ್ತಿದಿರಾ ಎಂದು ಕೇಳಿದರೆ, ಎರಡು ಹಾಡಿನಷ್ಟೇ ಎನ್ನುತ್ತಿದ್ದೆ.

ನಾಲ್ಕನೆಯ ದಿನ ಬೆಳಗಿನಿಂದ ಜಾತ್ರೆ. ಹಳೆಯ ಸಹೋದ್ಯೋಗಿಗಳು, ಓಣಿಯವರು, ಚಿಂಚೋಳಿಯಿಂದ ನಾದಿನಿ ಮತ್ತು ಅವಳ ಗಂಡ. ಗುಂಡಿ ಒತ್ತುವುದು, ತಲೆ ಎತ್ತುವುದು, ಕಣ್ಣಿನ ಕಥೆ ಮೊದಲಿನಿಂದ ಹೇಳುವುದು. ಎಲ್ಲರೂ ಹೋದ ಮೇಲೆ ಹಣೆ ಊರಿ ಕೂತಿದ್ದೆ. ರೇಡಿಯೋದಲ್ಲಿ ಒಂದು ಗಂಟೆಯ ಮೇಲೆ ಮೂರು ಹಾಡು ಆಗಿದ್ದವು, ಅಷ್ಟೇ.

ಆಗ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಕೂಗಿತು. ಎರಡು ಗಂಟೆಯ ಪಾಳಿಯ ಭೋಂಗಾ.

ಒಂದೂಕಾಲಿಗೆ!

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಭೋಂಗಾ ಕೂಗಿಸುವುದೂ ಟೈಂ ಆಫೀಸಿನ ಕೆಲಸವೇ, ನಾನು ಕೂತಿದ್ದ ಕುರ್ಚಿ ಅದು. ನನ್ನ ಕಾಲದಲ್ಲಿ ಭೋಂಗಾ ಅರ್ಧ ನಿಮಿಷ ಹಿಂದೆಮುಂದೆ ಆದದ್ದಿಲ್ಲ. ಕಮಲಾಳಿಂದ ಫೋನು ಹಚ್ಚಿಸಿದೆ. ಈಗ ಅಲ್ಲಿ ಕೂರುವ ಗುಂಡಪ್ಪ ಎತ್ತಿದ.

"ಏನ್ ಗುಂಡಪ್ಪ, ನಿದ್ದಿ ಹತ್ತಿತ್ತೇನು? ಪೌಣ ತಾಸ ಮೊದಲ ಒದರಿಸಿದೆಲ್ಲೋ!"

"ಸಾಹೇಬ್ರ, ಬರೋಬ್ಬರಿ ಎರಡಕ್ಕ ಆಗ್ಯದ್ರಿ. ನಿಮ್ಮ ಗಡಿಯಾರ ಜರಾ ನೋಡ್ರಿ."

"ನನಗ ಗಡಿಯಾರ ಕಲಸ್ತಿ?"

ಕಮಲಾ ನಡುವೆ ಬಾಯಿ ಹಾಕಿದಳು. "ನಮ್ಮ ಗ್ವಾಡಿ ಗಡಿಯಾರ್ದಾಗೂ ಎರಡ ಆಗ್ಯದ್ರಿ."

"ಅದರ ಸೆಲ್ ಹೋಗ್ಯದ!"

ಸೆಲ್ಲು ಹೋದ ಗಡಿಯಾರ ಹಿಂದೆ ಬೀಳುತ್ತದೆ, ಮುಂದೆ ಓಡುವುದಿಲ್ಲ. ಇದು ಯಾರಿಗಾದರೂ ಗೊತ್ತು, ನನಗಂತೂ ಗೊತ್ತೇ ಇತ್ತು. ಆದರೆ ರೇಡಿಯೋ ಹೇಳಿದ ಮೇಲೆ ಮುಗಿಯಿತು. ಕಾರ್ಖಾನೆ, ಗೋಡೆ, ಹೆಂಡತಿ ಎಲ್ಲರೂ ತಪ್ಪು.

ಮರುದಿನ ಚೆಕಪ್ ಇತ್ತು. ಅದರ ತಯಾರಿಗೆಂದು ರೇಣುಕಾ ಅರ್ಧ ದಿನ ರಜೆ ಹಾಕಿ ಅಷ್ಟರಲ್ಲೇ ಬಂದಳು. ಜಗಳ ಕೇಳಿದಳು. ಬಗ್ಗಿ ಲ್ಯಾಪ್‌ಟಾಪ್ ನೋಡಿದಳು. ಗೋಡೆ ನೋಡಿದಳು.

"ಮಾವಾರ, ಇದು ನಿಂತಲ್ಲಿಂದ ಹಾಡ್ತದ. ನೀವು ಎಷ್ಟು ಹೊತ್ತು ನಿಲ್ಲಸ್ತೀರೋ ಅಷ್ಟು ಹಿಂದ ಬೀಳ್ತದ. ಈಗಿನ ಟೈಮ್ ಬೇಕಂದ್ರ ಪೂರಾ ಬಂದ್ ಮಾಡಿ ಹೊಸದಾಗಿ ಹಚ್ಚಬೇಕು. ದಿನಾ ಮುಂಜಾನೆ ನಾ ಹಂಗ ಮಾಡ್ತಿದ್ದೆ." ಆಮೇಲೆ ಅವಳ ದನಿ ತಗ್ಗಿತು. "ನಲವತ್ಮೂರು ಮಿನಿಟ್ ಹಿಂದ ಅದ. ಅಂದ್ರ ಇವತ್ತ ಒಂದ ದಿನ, ಇಷ್ಟೊತ್ತಿನೊಳಗ, ನಲವತ್ಮೂರು ಮಿನಿಟ್ ತೆಲಿ ಎತ್ತಿ ಕುಂತೀರಿ."

ಹಣೆಯನ್ನು ಸಿಂಬಿಗೆ ಇನ್ನಷ್ಟು ಒತ್ತಿಕೊಂಡೆ.

ಊರವರ ತಡವನ್ನೆಲ್ಲ ಹಿಡಿದವನ ತಡ ಒಂದು ಪ್ಲೇಯರಿನಲ್ಲಿ ಸಿಕ್ಕಿಬಿದ್ದಿತ್ತು. ಎರಡು ಹಾಡಿನಷ್ಟೇ ಎಂದು ಎರಡು ದಿನ ಸುಳ್ಳು ಹೇಳಿದ್ದೆ, ಅದೂ ಗೊತ್ತಾಯಿತು. ರೇಣುಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಕಮಲಾಳ ಜೊತೆ ಪಿಸುಮಾತಾಡಿದಳು. ಬಂದು ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಹತ್ತು ದಿನ ಯಾರೂ ಬರಬೇಡಿ, ದಯವಿಟ್ಟು.

ನನ್ನ ಕೈಯಾರೆ ನನ್ನ ಕಣ್ಣು ಕಳೆದುಕೊಂಡೆನೇನೋ.

ಮರುದಿನ ಕಲಬುರ್ಗಿಯವರೆಗೆ ಕಾರಿನಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದೆ. ಕಮಲಾಳ ಕೈ ನನ್ನ ಬೆನ್ನ ಮೇಲಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನು ಮುಂದೆ ಈಕೆಯ ಮುಖವನ್ನು ನೆನಪಿನಿಂದಲೇ ನೋಡಬೇಕಾದರೆ? ನೆನಪು ಮಾಡಿಕೊಳ್ಳಲು ನೋಡಿದೆ. ಹಣೆಯ ವಿಭೂತಿ ನೆನಪಾಯಿತು, ಮೂಗುತಿ ನೆನಪಾಯಿತು. ಹಾಡುವಾಗ ಮುಖ ಹೇಗಿರುತ್ತದೆ ಎಂದು ಗೊತ್ತೇ ಇರಲಿಲ್ಲ. ನೋಡಿದ್ದರೆ ತಾನೇ? ನನಗೆ ಬಹಳ ದುಃಖವಾಯಿತು.

ಡಾಕ್ಟರಮ್ಮ ಕಣ್ಣಿಗೆ ಲೈಟು ಬಿಡುವ ಮುಂಚೆಯೇ ಎಲ್ಲಾ ಹೇಳಿಬಿಟ್ಟೆ. ಮಂದಿ, ಗುಂಡಿ, ಸುಳ್ಳು, ನಲವತ್ಮೂರು ನಿಮಿಷ, ತಡವಾದ ಡ್ರಾಪ್ಸ್. ಅವರು ಲೈಟು ಬಿಟ್ಟು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಎಡಕ್ಕೆ ಎನ್ನುತ್ತಾ ಹೋದರು.

"ಅಂಟ್ಯದ," ಎಂದರು.

ನನಗೆ ಅರ್ಥವಾಗಲಿಲ್ಲ.

"ರೆಟಿನಾ ಕುಂತದ ಕಾಕಾರ. ಚಲೋ ಕುಂತದ." ಆಮೇಲೆ ಬೆರಳು ಮಡಚಿ ಏನೋ ಲೆಕ್ಕ ಹಾಕಿ ನಗತೊಡಗಿದರು. "ಒಂದ ಮಾತ ಹೇಳ್ರಿ. ತೆಲಿ ಎತ್ತಿದಾಗೆಲ್ಲ ರೇಡಿಯೋ ನಿಲ್ಲಿಸಿದ್ರಿ. ತೆಲಿ ತಗ್ಗಿಸಿದ ಮ್ಯಾಲ ಹಚ್ಚಿದ್ರಿ. ರೇಡಿಯೋ ಟೈಮ್ ಹೇಳೋತನಾ ಎತ್ತಲಿಲ್ಲ. ಹೌದಿಲ್ಲೋ?"

"ಹೌದ್ರಿ."

"ಅಂದ ಮ್ಯಾಲ ನಿಮ್ಮ ಐವತ್ತು ಮಿನಿಟ್ ಪೂರಾ ಐವತ್ತು ಆಗ್ಯಾವ. ಮಂದಿ ಕಸ್ಕೊಂಡ ಹೊತ್ತು ನಿಮ್ಮ ರೇಡಿಯೋ ಲೆಕ್ಕಕ್ಕ ಹಿಡದೇ ಇಲ್ಲ!"

ನಾನು ಟೈಂ ಆಫೀಸಿನವನು. ಈ ಲೆಕ್ಕ ನನಗೇ ಹೊಳೆಯಬೇಕಿತ್ತು. ಸರಿಯಾಗಿ ನಡೆಯುವ ಗಡಿಯಾರ ನಂಬಿಕೊಂಡಿದ್ದರೆ ಮಲ್ಲಣ್ಣ ಬಂದ ಹದಿನೈದು ನಿಮಿಷವೂ ನನ್ನ ಐವತ್ತರಲ್ಲೇ ಸೇರಿಹೋಗುತ್ತಿತ್ತು. ಕಮಲಾ ಡಾಕ್ಟರಮ್ಮನ ಮುಂದೆಯೇ ಜೋರಾಗಿ ನಕ್ಕಳು. ಹಿಂದಿನ ದಿನದಿಂದ ಮುಖ ಬಿಗಿದುಕೊಂಡಿದ್ದ ರೇಣುಕಾಳೂ ನಕ್ಕಳು. ಡಾಕ್ಟರಮ್ಮ ಬೆರಳು ತೋರಿಸಿ ಎಚ್ಚರಿಸುವುದನ್ನು ಮರೆಯಲಿಲ್ಲ. ರೇಡಿಯೋದಿಂದಲೇ ಕಣ್ಣು ಉಳಿಯಿತು ಎಂದು ತಾವು ಹೇಳುವುದಿಲ್ಲ, ನಸೀಬೂ ಇದೆ, ಉಳಿದ ಐದು ದಿನ ಯಾರು ಬಂದರೂ ತಲೆ ಎತ್ತಬಾರದು ಎಂದರು.

ಎತ್ತಲಿಲ್ಲ. ಮಲ್ಲಣ್ಣ ಬಾಗಿಲ ಹಾಳೆ ಓದಿಯೂ ಒಳಗೆ ಬಂದ. ಬಂದವನು ನೆಲದ ಮೇಲೆ ಅಂಗಾತ ಮಲಗಿ, ಮೇಜಿನ ಕೆಳಗೆ ತಲೆ ತೂರಿಸಿ, ನನ್ನ ಮುಖದ ಕೆಳಗೆ ತನ್ನ ಮುಖ ತಂದು, "ಈಗ ಮಾತಾಡು," ಎಂದ. ಮಂಜಿನಲ್ಲಿ ಅವನ ಬಿಳಿ ಮೀಸೆ ಅಲ್ಲಾಡುವುದು ಕಂಡಿತು. ಕಣ್ಣು ಬರತೊಡಗಿದೆ ಎಂದು ನನಗೆ ಮೊದಲು ಗೊತ್ತಾದದ್ದು ಆ ಮೀಸೆಯಿಂದ.

ಹತ್ತು ದಿನ ಮುಗಿದ ಮೇಲೆ ಗುಳ್ಳೆ ಮೆಲ್ಲಗೆ ಕರಗಿತು. ಮೊದಲು ಮೇಲಿನಿಂದ ಒಂದು ಪಟ್ಟಿ ಬೆಳಕು, ಕೆಳಗೆ ನೀರಿನಂತೆ ತುಳುಕುವ ಗುಳ್ಳೆ. ದಿನಕ್ಕಿಷ್ಟು ಲೋಕ ಹೆಚ್ಚಾಯಿತು. ಕೊನೆಗೆ ಜೋಳದ ಕಾಳಿನಷ್ಟಾಗಿ ಒಂದು ಬೆಳಿಗ್ಗೆ ಅದೂ ಇರಲಿಲ್ಲ. ಕ್ಯಾಲೆಂಡರಿನಲ್ಲಿ ವಾರದ ಏಳೂ ದಿನ ಕಂಡವು. ಬಾಗಿಲ ಚೌಕಟ್ಟು ಕೊಂಚ ಸೊಟ್ಟಗೆ ಕಾಣುತ್ತದೆ. ಮುಂದೆ ಪೊರೆ ಬರಬಹುದು, ತಪಾಸಣೆ ತಪ್ಪಿಸಬೇಡಿ ಎಂದಿದ್ದಾರೆ. ಆಗಲಿ. ಸೊಟ್ಟ ಬಾಗಿಲಿನಿಂದಲೂ ಮನೆಯೊಳಗೆ ಬರಬಹುದು.

ಲ್ಯಾಪ್‌ಟಾಪ್ ಅಲ್ಲೇ ಉಳಿದಿದೆ, ಈಗ ಮೇಜಿನ ಮೇಲೆ. ತೆಲುಗು ಕೇಂದ್ರದಲ್ಲಿ ದಿನಾ ಒಂದೂವರೆಗೆ ಹಳೆಯ ಹಾಡುಗಳು ಶುರುವಾಗುತ್ತವೆ. ಆ ಹೊತ್ತಿಗೆ ಕಮಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ, ಆ ಬಡಿತದಲ್ಲಿ ಹಾಡು ಕೇಳುವುದಿಲ್ಲ. ಹಾಡು ಶುರುವಾದ ಕೂಡಲೇ ನಾನು ಆ ಉದ್ದ ಗುಂಡಿ ಒತ್ತಿ ನಿಲ್ಲಿಸುತ್ತೇನೆ. ಆಕೆ ಕೊನೆಯ ರೊಟ್ಟಿ ತೆಗೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುತ್ತಾಳೆ. ಎರಡರ ಭೋಂಗಾ ಕೂಗುತ್ತದೆ. ಆಗ ಮತ್ತೆ ಒತ್ತುತ್ತೇನೆ. ನಮ್ಮ ಮನೆಯಲ್ಲಿ ಒಂದೂವರೆ ಆಗುತ್ತದೆ.

ನಿನ್ನೆಯೂ ಬಂದು ಚೌಕಟ್ಟಿಗೆ ಒರಗಿ ನಿಂತಳು. ಗಲ್ಲದ ಮೇಲೆ ಜೋಳದ ಹಿಟ್ಟು ಹತ್ತಿತ್ತು. ಹಾಡಿನ ಎರಡನೆಯ ಸಾಲಿಗೆ ತನಗೇ ಗೊತ್ತಿಲ್ಲದಂತೆ ದನಿ ಕೂಡಿಸಿದಳು. ಹಾಡುವಾಗ ಆಕೆ ಎಡಹುಬ್ಬು ಸ್ವಲ್ಪ ಮೇಲೆತ್ತುತ್ತಾಳೆ.

"ಏನ್ ನೋಡಾಕತ್ತೀರಿ?"

"ಏನಿಲ್ಲ. ನೋಡಾಕತ್ತೀನಿ, ಅಷ್ಟ. ನೀ ಹಾಡು."